ಹಿಂದಿನ ಮೆಟ್ಟಿಲ ನಾಲ್ಕು ಕುಂಡಗಳು

ಅಕ್ಟೋಬರ್ 14

ಅತ್ತೆಗೆ ನಮಸ್ಕಾರ.

ತೊಂದರೆಯಿಲ್ಲದೆ ತಲುಪಿದೆ. ಕೋಣೆ ಮೂರನೇ ಮಹಡಿಯಲ್ಲಿದೆ. ಒಂದೇ ಕಿಟಕಿ, ತೆರೆದರೆ ಪಕ್ಕದ ಕಟ್ಟಡದ ಗೋಡೆ ಕಾಣುತ್ತದೆ. ಬಾಲ್ಕನಿ ಇಲ್ಲ. ಕುಂಡಗಳನ್ನು ನಿಮ್ಮ ಹತ್ತಿರವೇ ಬಿಟ್ಟು ಬಂದದ್ದು ಒಳ್ಳೆಯದೇ ಆಯಿತು. ಸೋಮವಾರದಿಂದ ಲ್ಯಾಬಿಗೆ ಹೋಗುತ್ತಿದ್ದೇನೆ. ಕಟ್ಟಿಸುವ ಹಲ್ಲನ್ನು ಇಲ್ಲೂ ಮೊದಲು ಮೇಣದಲ್ಲಿ ಕೂರಿಸಿ ಆಮೇಲೆ ಅಚ್ಚು ತೆಗೆಯುತ್ತಾರೆ, ಹಾಗಾಗಿ ಹೊಸದಾಗಿ ಕಲಿಯುವುದೇನೂ ಇಲ್ಲ. ಹನ್ನೊಂದು ಜನ ಒಂದೇ ಉದ್ದನೆ ಮೇಜಿಗೆ ಕೂರುತ್ತೇವೆ.

ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ, ಆದ್ದರಿಂದ ಕುಂಡದ ವಿಷಯ ಬರೆದೇ ತಿಳಿಸುತ್ತೇನೆ. ನಿಮ್ಮ ಮಗನ ನೋಟ್‌ಬುಕ್ ಎದುರಿಗಿಟ್ಟುಕೊಂಡು ನೋಡಿ ಬರೆಯುತ್ತಿದ್ದೇನೆ. ನಾಲ್ಕು ಕುಂಡದಲ್ಲಿ ಸೇರಿ ಮೂವತ್ತನಾಲ್ಕು ಐರಿಸ್ ಹೂವಿನ ಬೀಜಗಳಿವೆ. ಮಧ್ಯಾಹ್ನದ ಬಿಸಿಲು ಬೀಳದ ಕಡೆ ಇಡಬೇಕಂತೆ, ನಿಮ್ಮ ಹಿಂದಿನ ಮೆಟ್ಟಿಲೇ ಸರಿ. ಚಳಿಗಾಲ ಪೂರ್ತಿ ಹೊರಗೇ ಇರಬೇಕು. ಹಿಮ ಬಿದ್ದರೂ, ಮಣ್ಣು ಹೆಪ್ಪುಗಟ್ಟಿದರೂ ಒಳಗೆ ತರಬೇಡಿ. ಚೆನ್ನಾಗಿ ಚಳಿ ತಿಂದರೆ ಮಾತ್ರ ಈ ಬೀಜಕ್ಕೆ ಎಚ್ಚರವಾಗುವುದಂತೆ, ಬೆಚ್ಚಗಿಟ್ಟರೆ ಮಲಗಿಯೇ ಇರುತ್ತದಂತೆ. ಮೇಲೆ ತಂತಿಬಲೆ ಮುಚ್ಚಿ, ಇಲ್ಲದಿದ್ದರೆ ಬೆಕ್ಕು ಕೆದಕುತ್ತದೆ. ಮಣ್ಣು ಒಣಗಿದರೆ ಮಾತ್ರ ನೀರು. ಈ ಪುಟದಲ್ಲಿ ಇಷ್ಟೇ ಇದೆ. ಮುಂದಿನದನ್ನು ಮತ್ತೆ ಬರೆಯುತ್ತೇನೆ.

ನಿಮಗೆ ಒಂದು ವಿಷಯ ಹೇಳಿರಲಿಲ್ಲ. ಜುಲೈನಲ್ಲಿ ಇವರು ತೀರಿಕೊಂಡ ಮೇಲೆ ಒಂದು ತಿಂಗಳು ನಾನು, ಇವರು ಗಿಡ ಬೆಳೆಸುತ್ತಿದ್ದ ಆ ಹೂವಿನ ಸಂಘದ ಜಾಗದ ಕಡೆ ತಲೆ ಹಾಕಲಿಲ್ಲ. ಹೋಗುವಷ್ಟರಲ್ಲಿ ತಾಯಿಗಿಡ ಮಳೆಗೆ ಗೆಡ್ಡೆ ಸಮೇತ ಕೊಳೆತು ಬಿದ್ದಿತ್ತು. ಒಂದೇ ಒಂದು ಕಾಯಿ ಬಲಿತು ನಿಂತಿತ್ತು, ಬಿಡಿಸಿಕೊಂಡು ಬಂದೆ. ಮೇ ತಿಂಗಳಲ್ಲಿ ಇವರೇ ಪುಟ್ಟ ಕುಂಚದಲ್ಲಿ ಪರಾಗ ಹಚ್ಚಿದ್ದ ಹೂವಿನದು ಅದು. ಒಂಬತ್ತು ವರ್ಷದಿಂದ ಹುಡುಕುತ್ತಿದ್ದ ಬಣ್ಣ ಈ ಸಲ ಬಂದೇ ಬರುತ್ತದೆ ಅಂದಿದ್ದರು. ಈಗ ತಾಯಿಗಿಡವೂ ಇಲ್ಲ. ಆ ಮೂವತ್ತನಾಲ್ಕು ಬೀಜ ಬಿಟ್ಟರೆ ಇವರದ್ದು ಅಂತ ಬೆಳೆಯುವಂಥದ್ದು ಬೇರೇನೂ ಉಳಿದಿಲ್ಲ.

ಔಷಧಿ ಮರೆಯಬೇಡಿ.

ನಿಮ್ಮ ಸೊಸೆ


ಅಕ್ಟೋಬರ್ 27

ಮಗಳೇ,

ಪತ್ರದ ತಲೆಗೆ ಏನಂತ ಬರೆಯೋದು ಅಂತ ಪೆನ್ ಹಿಡಿದು ಅರ್ಧ ಗಂಟೆ ಕೂತಿದ್ದೆ. ಹದಿನಾಲ್ಕು ವರ್ಷ "ಏ ಹುಡುಗಿ" ಅಂತಲೇ ಕರೆದಿದ್ದೀನಿ. ಅದನ್ನೇ ಬರೆದರೆ ಓದಿದೋರು ಏನಂದ್ಕೊಂಡಾರು ಅಂತ ಮಗಳೇ ಅಂದೆ. ಉಬ್ಬಬೇಡ.

ಕುಂಡ ನಾಲ್ಕೂ ಹಿಂದಿನ ಮೆಟ್ಟಿಲ ಮೇಲೆ ಸಾಲಾಗಿ ಕೂತಿವೆ, ಡಾಕ್ಟರ ಬಾಗಿಲಲ್ಲಿ ಸರದಿ ಕಾಯೋರ ಹಾಗೆ. ಮಹಡಿ ಮನೆ ಬಸ್ ಡ್ರೈವರ್ ಬಗ್ಗಿ ನೋಡಿ, "ಏನಮ್ಮ, ಬರೀ ಮಣ್ಣಿಗೆ ಕಾವಲು ಕೂತಿದೀರಲ್ಲ, ಯಾರಾದ್ರೂ ಕದೀತಾರಾ?" ಅಂದ. ಅವನಿಗೆ ಹಾರ್ನ್‌ಗಿಂತ ಜೋರಾಗಿ ಮಾತಾಡಿ ಅಭ್ಯಾಸ, ಹಾಗಾಗಿ ನನಗೂ ಕೇಳಿಸುತ್ತೆ. "ಕಳ್ಳರು ಬೇಡಪ್ಪ, ನಿನ್ನ ಬೆಕ್ಕು ಸಾಕು" ಅಂದೆ.

ಚಳೀಲಿ ಬಿಡಬೇಕು ಅಂತ ಬರೆದಿದ್ದನ್ನ ಎರಡೆರಡು ಸಲ ಓದಿದೆ. ಅವನಿಗೆ ಹತ್ತು ವರ್ಷ ಆಗೋ ತನಕ ಕಿವಿ ಮುಚ್ಚೋ ಟೋಪಿ ಇಲ್ಲದೆ ಹೊಸಿಲು ದಾಟಿಸಿದೋಳಲ್ಲ ನಾನು. ಆದರೆ ಅವನೇ ಬರೆದಿಟ್ಟಿದ್ದಾನೆ ಅಂದ ಮೇಲೆ ಆಯ್ತು, ಹೊರಗೇ ಇರಲಿ.

ದಿನವಿಡೀ ಲಿಫ್ಟ್ ರಿಪೇರಿ ಮಾಡಿ ತುಕ್ಕು ಉಜ್ಜಿ ಬರೋನಿಗೆ ತುಕ್ಕಿನ ಬಣ್ಣದ ಹೂವೇ ಬೇಕಂತೆ. ತುಕ್ಕುರಾಯ ಅಂತ ಕರೀತಿದ್ದೆ, ನೆನಪಿದೆಯಾ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂತ ಎಷ್ಟು ಸಲ ರೇಗಿಸಿದೆನೋ. ಅವನ ಆ ಜಾಗಕ್ಕೆ ಒಂದು ದಿನವೂ ಹೋಗಿ ನೋಡಲಿಲ್ಲ. ಹೂ ಬಿಟ್ಟಾಗ ಅವನೇ ಪೇಪರಿನಲ್ಲಿ ಸುತ್ತಿ ತರೋನು. ನಾನು ನೋಡಿ, "ಇನ್ನೂ ತುಕ್ಕು ಹಿಡಿದಿಲ್ಲವಲ್ಲೋ" ಅನ್ನೋಳು. ನಗೋನು.

ಬರಲಿ ಕಣೆ, ಈ ಸಲ ಬರಲಿ. ಅದೊಂದು ನೋಡಿಬಿಟ್ಟರೆ ನನಗೆ ಸಾಕು.

ಅತ್ತೆ


ಡಿಸೆಂಬರ್ 12

ಅತ್ತೆಗೆ ನಮಸ್ಕಾರ.

ಬರೆಯುವುದು ತಡವಾಯಿತು. ಕೆಲಸ ಹೆಚ್ಚಿತ್ತು. ನಾನು ಚೆನ್ನಾಗಿದ್ದೇನೆ, ಊಟ ತಿಂಡಿ ಎಲ್ಲ ಸರಿಯಾಗಿ ನಡೆಯುತ್ತಿದೆ, ಲ್ಯಾಬಿನಲ್ಲಿ ಇಬ್ಬರು ಮೂವರು ಗೆಳತಿಯರೂ ಆಗಿದ್ದಾರೆ. ನನ್ನ ಚಿಂತೆ ಮಾಡಬೇಡಿ.

ಬಲೆಯ ಮೇಲೆ ಒಂದು ಕಲ್ಲು ಹೇರಿ.

ನಿಮ್ಮ ಸೊಸೆ


ಜನವರಿ 16

ಮಗಳೇ,

ಗೆಳತಿಯರು ಆಗಿದ್ದಾರೆ ಅಂತ ಬರೆದೆ, ಒಬ್ಬಳ ಹುಚ್ಚು ಸಂಗತಿಯನ್ನೂ ಬರೀಲಿಲ್ಲ. ನಿಜವಾದ ಗೆಳತಿಯರಿದ್ದರೆ ಅವರ ಮೇಲೆ ಒಂದು ಚಾಡಿಯಾದರೂ ಇರುತ್ತಿತ್ತು. ನಿನ್ನ ಪತ್ರ ಒಂಬತ್ತು ಸಾಲು, ಎಣಿಸಿದೆ.

ಇಲ್ಲಿ ಚಳಿ ಅಂದರೆ ಚಳಿ. ಕುಂಡದ ಮಣ್ಣು ಕಲ್ಲಾಗಿದೆ, ಬೆರಳಲ್ಲಿ ಬಡಿದರೆ ಬಾಗಿಲು ತಟ್ಟಿದ ಹಾಗೆ ತಾಗುತ್ತೆ. ಹೋದ ಮಂಗಳವಾರ ಅಂತೂ ಗಾಳಿ ಬೀಸೋದು ನೋಡಿ ತಡೀಲಾರದೆ ಒಂದು ಕುಂಡ ಎತ್ತಿಕೊಂಡು ಒಳಗೆ ಬಂದೆ. ಅಡುಗೆಮನೆ ತನಕ ಬಂದೆ. ಆಮೇಲೆ ನಿನ್ನ ಪತ್ರ ತೆಗೆದು ಇನ್ನೊಂದು ಸಲ ಓದಿ, ವಾಪಸ್ ತಗೊಂಡು ಹೋಗಿ ಅದರ ಜಾಗದಲ್ಲೇ ಇಟ್ಟೆ. ಎಲ್ಲಾ ಸೇರಿ ಐದು ನಿಮಿಷ ಒಳಗಿತ್ತು. ಐದು ನಿಮಿಷಕ್ಕೆ ಏನೂ ಆಗಲ್ಲ ಅಲ್ವಾ?

ನನ್ನ ಮೇಲೆ ನಂಬಿಕೆ ಇಡು. ಗಾರ್ಮೆಂಟ್ಸಿನಲ್ಲಿ ಮೂವತ್ತೊಂದು ವರ್ಷ ಚೆಕಿಂಗ್ ಟೇಬಲ್‌ನಲ್ಲಿ ನಿಂತೋಳು ನಾನು. ಕಿವಿ ಆ ಮಿಷನ್‌ಗಳಿಗೆ ಕೊಟ್ಟೆ, ಕಣ್ಣು ಇನ್ನೂ ನನ್ನ ಹತ್ತಿರವೇ ಇದೆ. ನನ್ನ ಕೈ ದಾಟಿದ ಅಂಗೀಲಿ ಎದ್ದ ದಾರ ಒಂದೂ ಇರುತ್ತಿರಲಿಲ್ಲ. ಏನು ಮಾಡಬೇಕು ಅಂತ ಹೇಳು, ಹೇಳಿದ ಹಾಗೆ ಮಾಡ್ತೀನಿ.

ಚಳಿ ಮುಗಿದ ಮೇಲೆ ಏನು? ಮುಂದಿನ ಪುಟ ಬರೆದು ಕಳಿಸ್ತೀನಿ ಅಂದಿದ್ದೆ.

ಅತ್ತೆ


ಫೆಬ್ರವರಿ 24

ಅತ್ತೆಗೆ ನಮಸ್ಕಾರ.

ಐದು ನಿಮಿಷಕ್ಕೆ ಏನೂ ಆಗುವುದಿಲ್ಲ. ನಿಮ್ಮಷ್ಟು ಚೆನ್ನಾಗಿ ನೋಡಿಕೊಳ್ಳುವುದು ನನ್ನಿಂದಲೂ ಆಗುತ್ತಿರಲಿಲ್ಲ.

ಮುಂದೆ ಮಾಡಬೇಕಾದದ್ದು ಅಂತ ಹೆಚ್ಚೇನೂ ಇಲ್ಲ. ನೀರು ಹಾಕುತ್ತಾ ನೋಡುತ್ತಿರಿ, ಅಷ್ಟೆ. ಐರಿಸ್ ಮೇಲೆ ಬಂದಾಗ ನಿಮಗೇ ಗೊತ್ತಾಗುತ್ತದೆ.

ನಿಮ್ಮ ಸೊಸೆ


ಏಪ್ರಿಲ್ 5

ಮಗಳೇ,

ಒಳ್ಳೆ ಸುದ್ದಿ ಬರೀಬೇಕು ಅಂತ ಮಾರ್ಚ್ ಪೂರ್ತಿ ಕಾದೆ. ಇಲ್ಲ ಕಣೆ. ಐರಿಸ್ ಒಂದೂ ಬಂದಿಲ್ಲ.

ಹುಲ್ಲು ಮಾತ್ರ ಬರುತ್ತೆ. ಬೇಕಾದ್ದು ಬಾ ಅಂದರೂ ಬರಲ್ಲ, ಬೇಡದ್ದು ಕರೆಯದೆ ಬರುತ್ತೆ. ಮೊದಲು ಎಡಗಡೆ ಕುಂಡದಲ್ಲಿ ಎರಡು, ಮಾರನೇ ದಿನ ಪಕ್ಕದ್ದರಲ್ಲಿ ಮೂರು. ಬೀಜಕ್ಕೆ ಸೇರಬೇಕಾದ ಸತ್ವ ಈ ಹಾಳು ಹುಲ್ಲು ಹೀರಿಬಿಟ್ಟರೆ ಅಂತ ದಿನಾ ಬೆಳಿಗ್ಗೆ ಎದ್ದ ಕೂಡಲೆ ಕನ್ನಡಕ ಹಾಕ್ಕೊಂಡು, ಹಳೇ ಚಿಮಟ ತಗೊಂಡು ಮೆಟ್ಟಿಲಲ್ಲಿ ಕೂತುಬಿಡ್ತೀನಿ. ತಲೆ ಎತ್ತಿದ್ದನ್ನ ಎತ್ತಿದ ಹಾಗೇ ಕಿತ್ತು ಹಾಕ್ತೀನಿ. ಇವತ್ತಿಗೆ ಹತ್ತೊಂಬತ್ತು. ಚೆಕಿಂಗ್‌ನಲ್ಲಿ ಲೆಕ್ಕ ಇಟ್ಟು ಅಭ್ಯಾಸ ನೋಡು, ಗೋಡೆ ಮೇಲೆ ಸೀಸದಕಡ್ಡೀಲಿ ಗೀಟು ಹಾಕಿಟ್ಟಿದ್ದೀನಿ. ಕುಂಡ ಎಷ್ಟು ಚೊಕ್ಕಟವಾಗಿದೆ ಗೊತ್ತಾ, ನೀನು ಬಂದು ನೋಡಿದರೆ ಖುಷಿ ಪಡ್ತೀಯ.

ತಾಳಿದವನು ಬಾಳಿಯಾನು ಅಂತಾರೆ. ತಾಳ್ತಾ ಇದ್ದೀನಿ.

ಅತ್ತೆ


ಏಪ್ರಿಲ್ 9
(ತುರ್ತು ಅಂಚೆ)

ಅತ್ತೆ,

ದಯವಿಟ್ಟು ಕುಂಡದಲ್ಲಿ ಇನ್ನು ಏನನ್ನೂ ಕೀಳಬೇಡಿ. ಹುಲ್ಲು ಬಂದರೂ ಇರಲಿ, ಏನೇ ಬಂದರೂ ಇರಲಿ.

ನೀವು ಕಿತ್ತದ್ದು ಹೇಗಿತ್ತು? ಎಸಳು ದುಂಡಗಿತ್ತಾ, ಚಪ್ಪಟೆಯಾ? ಬೇರಿನ ಹತ್ತಿರ ಏನಾದರೂ ಅಂಟಿಕೊಂಡಿತ್ತಾ? ಕಿತ್ತದ್ದನ್ನು ಎಲ್ಲಿ ಹಾಕಿದಿರಿ? ಕೂಡಲೇ ಬರೆಯಿರಿ.

ನಿಮ್ಮ ಸೊಸೆ


ಏಪ್ರಿಲ್ 14

ಮಗಳೇ,

ಅಂಚೆಯವನು ಬಾಗಿಲು ಬಡಿದದ್ದು ಕೇಳಿಸದೆ, ಡ್ರೈವರ್ ಇಳಿದು ಬಂದು ಕರೆದ. ತುರ್ತು ಅಂದ ತಕ್ಷಣ ನಿನಗೇ ಏನೋ ಆಯ್ತು ಅಂತ ಅಲ್ಲೇ ನಿಂತು ಕವರ್ ಹರಿದೆ. ನೋಡಿದರೆ ಹುಲ್ಲಿನ ವಿಚಾರ. ಇಂಥ ಹೆದರಿಕೆ ಇನ್ನೊಂದು ಸಲ ಕೊಡಬೇಡ.

ಕೇಳಿದ್ದಕ್ಕೆಲ್ಲ ಉತ್ತರ ಬರೀತೀನಿ. ಎಸಳು ಚಪ್ಪಟೆ. ದುಂಡಗೆ ಇರಲಿಲ್ಲ. ಕತ್ತಿಯ ಬಾಯಿ ಥರ ಅಂಚು ನೇರ, ಬುಡ ಸ್ವಲ್ಪ ಕೆಂಪಗೆ. ಮಾಮೂಲಿ ಹುಲ್ಲು ಎಳೆದರೆ ಸರಕ್ಕನೆ ಬರುತ್ತೆ, ಇದು ಹಿಡಿದುಕೊಂಡು ಕೂತಿರುತ್ತೆ. ಜೋರಾಗಿ ಎಳೆದರೆ ಕೆಳಗೆ ಮೆಣಸಿನಕಾಳಿನ ಹಾಗೆ ಒಂದು ಕಂದು ಮಣಿ ಕಚ್ಚಿಕೊಂಡು ಬರುತ್ತೆ. ಎಲ್ಲದರಲ್ಲೂ ಇತ್ತು. ಕಿತ್ತದ್ದನ್ನ ಕಸದ ಬುಟ್ಟಿಗೆ ಹಾಕಿದೆ, ದಿನಾ ಗಾಡಿ ಬಂದು ತಗೊಂಡು ಹೋಗುತ್ತೆ.

ಹೋದ ಪತ್ರ ಬರೆದ ಮೇಲೆ ಇನ್ನೂ ಆರು ಕಿತ್ತಿದ್ದೆ. ನಿನ್ನ ಪತ್ರ ಬಂದ ದಿನ ಬೆಳಿಗ್ಗೆ ಎರಡು. ಒಟ್ಟು ಇಪ್ಪತ್ತೇಳು. ನೀನು ಬೇಡ ಅಂದ ಮೇಲೆ ಚಿಮಟ ಒಳಗಿಟ್ಟಿದ್ದೀನಿ. ಅದಾದ ಮೇಲೆ ಹುಲ್ಲೂ ಬರ್ತಿಲ್ಲ, ಮುನಿಸಿಕೊಂಡಿದೆ.

ಯಾಕೆ ಕೇಳಿದೆ? ಕೀಳುವಾಗ ಬೀಜ ಅಲ್ಲಾಡುತ್ತೆ ಅಂತಲಾ? ನಾನು ತುಂಬ ನಾಜೂಕಾಗಿ ಕಿತ್ತಿದ್ದೀನಿ ಕಣೆ. ಅಕ್ಕಪಕ್ಕದ ಮಣ್ಣು ಅಲ್ಲಾಡಿಲ್ಲ.

ಅತ್ತೆ


ಮೇ 6

ಅತ್ತೆಗೆ ನಮಸ್ಕಾರ.

ಹೆದರಿಸಿದ್ದಕ್ಕೆ ಕ್ಷಮಿಸಿ. ನೀವು ಹೇಳಿದ ಹಾಗೆ ಬೀಜ ಅಲ್ಲಾಡೀತು ಅಂತಲೇ ಕೇಳಿದ್ದು. ಅದು ಬರೀ ಹುಲ್ಲು. ಒಂದು ಜಾತಿಯ ಹುಲ್ಲಿಗೆ ಬುಡದಲ್ಲಿ ಹಾಗೆ ಮಣಿ ಇರುತ್ತದೆ.

ಹೂವಿನ ಸಂಘದಲ್ಲಿ ಇವರ ಜೊತೆಗಿದ್ದ ಮೇಷ್ಟ್ರನ್ನು ವಿಚಾರಿಸಿದೆ. ಅವರು ಹೇಳುವುದು, ಈ ಸಲದ ಬೀಜವೇ ಟೊಳ್ಳು ಇರಬೇಕು ಅಂತ. ಇವರು ಪರಾಗ ಹಚ್ಚಿದ ಹೊತ್ತು ಸರಿ ಇರಲಿಲ್ಲವೋ, ಪರಾಗ ಹಳತಾಗಿತ್ತೋ, ಏನೋ ತಪ್ಪಿದೆ. ಹೊರಗೆ ನೋಡಲು ಬೀಜ ಚೆನ್ನಾಗೇ ಇರುತ್ತದಂತೆ, ಒಳಗೆ ಜೀವ ಇರುವುದಿಲ್ಲವಂತೆ. ನೀವು ಮಾಡಿದ್ದರಲ್ಲಿ ಏನೂ ತಪ್ಪಿಲ್ಲ.

ಇನ್ನು ಕಾಯುವುದರಲ್ಲಿ ಅರ್ಥವಿಲ್ಲ. ಕುಂಡಕ್ಕೆ ಏನಾದರೂ ಸೊಪ್ಪು ಹಾಕಿಕೊಳ್ಳಿ.

ನಿಮ್ಮ ಸೊಸೆ


ಮೇ 19

ಮಗಳೇ,

ನಿನ್ನ ಪತ್ರಾನ ಎರಡು ದಿನ ಮತ್ತೆ ಮತ್ತೆ ತೆಗೆದು ಓದಿದೆ.

ಬೀಜ ಬರಲಿಲ್ಲ ಅಂದರೆ ಬರಲಿಲ್ಲ. ನನ್ನ ಹಣೆಬರಹ ಅಂದ್ಕೋತೀನಿ. ಆದರೆ ಅವನು ತಪ್ಪು ಮಾಡಿದ ಅಂತ ಬರೀಬೇಡ. ಒಂಬತ್ತು ವರ್ಷ ಅದೇ ಕೆಲಸ ಮಾಡಿದೋನಿಗೆ ಪರಾಗ ಯಾವಾಗ ಹಚ್ಚಬೇಕು ಅಂತ ಗೊತ್ತಿರಲಿಲ್ಲವಾ? ಅವನು ಕೈ ಹಾಕಿದ ಒಂದು ಲಿಫ್ಟ್ ಮಧ್ಯೆ ನಿಂತಿದ್ದು ಕೇಳಿದ್ದೀಯಾ? ನಲವತ್ತೊಂದು ವರ್ಷಕ್ಕೆ ಹೋದ. ಕೆಲಸದ ಮಧ್ಯೆ ಎದೆ ಹಿಡಿದು ಕೂತೋನು, ಪಕ್ಕದೋನಿಗೆ ಕರೆಂಟ್ ಆಫ್ ಮಾಡು ಅಂತ ಹೇಳಿ ಆಮೇಲೆ ಹೋದ. ಅಂಥೋನು ಕೊನೇಲಿ ಮಾಡಿದ ಕೆಲಸ ಟೊಳ್ಳು ಅಂತ ನೀನು ಬರೀತೀಯ, ಸೊಪ್ಪು ಹಾಕ್ಕೊಳ್ಳಿ ಅಂತೀಯ.

ಆ ಮೇಷ್ಟ್ರಿಗೆ ನಾನೇ ಬರೀತೀನಿ. ಯಾವ ಮುಖ ಇಟ್ಟುಕೊಂಡು ಹಾಗಂದರು ಅಂತ ಕೇಳ್ತೀನಿ. ಸಂಘದ ವಿಳಾಸ ಅವನ ಮೆಂಬರ್ ಕಾರ್ಡಿನಲ್ಲಿದೆ.

ಅತ್ತೆ


ಮೇ 26

ಅತ್ತೆ,

ನಿಮ್ಮ ಮನಸ್ಸು ನೋಯಿಸಬೇಕು ಅಂತ ಬರೆದದ್ದಲ್ಲ. ನಿಮ್ಮ ಮಗನ ಕೆಲಸ ಏನು ಅಂತ ನನಗೂ ಗೊತ್ತು.

ಮೇಷ್ಟ್ರಿಗೆ ಬರೆಯಬೇಡಿ. ಅವರಿಗೆ ವಯಸ್ಸಾಗಿದೆ, ಹೇಳಿದ್ದು ನೆನಪಿರುವುದಿಲ್ಲ. ನಿಮಗೆ ಕೈ ಮುಗಿಯುತ್ತೇನೆ, ಇದನ್ನು ಇಲ್ಲಿಗೆ ಬಿಟ್ಟುಬಿಡಿ.

ನಿಮ್ಮ ಸೊಸೆ


ಆಗಸ್ಟ್ 8

ಮೇಷ್ಟ್ರು ಬಂದಿದ್ದರು.

ಪತ್ರಕ್ಕೆ ಪತ್ರ ಬರೆಯೋ ಬದಲು ಎರಡು ಬಸ್ ಬದಲಾಯಿಸಿ ಅವರೇ ಬಂದರು. ಎಪ್ಪತ್ತೆಂಟು ವರ್ಷ, ನೆನಪು ನನಗಿಂತ ಚೆನ್ನಾಗಿದೆ. ನಿನ್ನಿಂದ ಅವರಿಗೆ ಪತ್ರವೂ ಬಂದಿಲ್ಲ, ಫೋನೂ ಬಂದಿಲ್ಲವಂತೆ. ಟೊಳ್ಳು ಅಂತ ಅವರು ಯಾರಿಗೂ ಹೇಳಿಲ್ಲವಂತೆ. "ನಿಮ್ಮ ಮಗನ ಕೈಯಲ್ಲಿ ಟೊಳ್ಳು ಬೀಜ ಆಗಿದ್ದು ನಾನು ನೋಡಿಲ್ಲಮ್ಮ" ಅಂತ ಒಂದು ಚೀಟೀಲಿ ಬರೆದು ತೋರಿಸಿದರು.

ಮೆಟ್ಟಿಲ ಮೇಲೆ ಕೂತು ಕುಂಡ ನೋಡಿದರು. ಗೋಡೆ ಮೇಲಿನ ಗೀಟು ನೋಡಿ ಇದೇನು ಅಂತ ಸನ್ನೆ ಮಾಡಿದರು. ಕಿತ್ತ ಹುಲ್ಲಿನ ಲೆಕ್ಕ ಅಂದೆ. ಹುಲ್ಲು ಹೇಗಿತ್ತು ಅಂತ ಬರೆದು ಕೇಳಿದರು. ನಿನಗೆ ಹೇಳಿದ್ದನ್ನೇ ಹೇಳಿದೆ, ಚಪ್ಪಟೆ, ಬುಡ ಕೆಂಪು, ಕೆಳಗೆ ಕಂದು ಮಣಿ. ಆ ಮನುಷ್ಯ ಕನ್ನಡಕ ತೆಗೆದು ಒರೆಸೋಕೆ ಶುರು ಮಾಡಿದರು. ಒರೆಸಿದರು, ಒರೆಸಿದರು. ಆಮೇಲೆ ಚೀಟೀಲಿ ಬರೆದರು, "ಐರಿಸ್ ಮೊಳಕೆ ಹಾಗೇ ಇರುತ್ತೆ."

ಇಪ್ಪತ್ತೇಳು ಕಣೆ. ಮೂವತ್ತನಾಲ್ಕರಲ್ಲಿ ಇಪ್ಪತ್ತೇಳು ಬಂದಿತ್ತು. ಅಷ್ಟು ಬರೋದು ಅಪರೂಪವಂತೆ. ಅಷ್ಟೂ ಹುಟ್ಟಿಸಿದ್ದ ಅವನು. ನಾನು ಕೂತು ಒಂದೊಂದಾಗಿ ಕಿತ್ತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹಿಡಿದುಕೊಂಡು ಕೂತಿರುತ್ತೆ ಅಂತ ಬರೆದಿದ್ದೆನಲ್ಲ, ಅದು ಈಗ ಬೆರಳಿಗೆ ಗೊತ್ತಾಗುತ್ತೆ, ಪ್ರತಿಯೊಂದೂ.

ನಿನಗೆ ಏಪ್ರಿಲ್‌ನಲ್ಲೇ ಗೊತ್ತಿತ್ತು. ನನ್ನ ಮುಖ ಉಳಿಸೋಕೆ ನೀನು ಅವನ ಮುಖಕ್ಕೆ ಮಸಿ ಬಳಿದೆ. ನಾನೇ ಮಾಡಿದ್ದು ಅಂತ ನೀನು ಬರೆದಿದ್ದರೆ ಅಳುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ, ತಡ್ಕೋತಿದ್ದೆ. ಎರಡೂವರೆ ತಿಂಗಳು ಅವನೇ ತಪ್ಪು ಮಾಡಿದನಾ ಅಂತ ಒಳಗೊಳಗೆ ಅನುಮಾನ ಪಟ್ಟೆನಲ್ಲ, ಅದನ್ನ ಎಲ್ಲಿ ತೊಳೀಲಿ?

ಇನ್ನೊಂದು ಮಾತು. ಬಂದಾಗ ನಿಮಗೇ ಗೊತ್ತಾಗುತ್ತೆ ಅಂತ ಬರೆದಿದ್ದೆ. ನನಗೆ ಹೇಗೆ ಗೊತ್ತಾಗಬೇಕಿತ್ತು? ಮುಂದಿನ ಪುಟ ಯಾಕೆ ಕಳಿಸಲಿಲ್ಲ?

ಉಳಿದ ಏಳು ಬೀಜ ಇನ್ನೊಂದು ಚಳಿಗಾಲ ಕಂಡು ಬರಬಹುದು, ಬರದೇನೂ ಇರಬಹುದು ಅಂದರು ಮೇಷ್ಟ್ರು. ಕುಂಡ ಅಲ್ಲೇ ಇದೆ.


ಸೆಪ್ಟೆಂಬರ್ 2

ಅತ್ತೆ,

ಮುಂದಿನ ಪುಟ ನಾನು ಓದಿರಲಿಲ್ಲ.

ಗೆಳತಿಯರು ಅಂತ ಬರೆದದ್ದು ಸುಳ್ಳು. ಲ್ಯಾಬಿನಿಂದ ಬಂದು ದೀಪ ಹಾಕದೆ ಹಾಗೇ ಮಲಗುತ್ತಿದ್ದೆ. ಆ ನೋಟ್‌ಬುಕ್ಕಿನಲ್ಲಿ ಬರೆದಿರುವ ಪುಟಗಳಲ್ಲಿ ಕೊನೆಯದೊಂದನ್ನು ಹಾಗೇ ಇಟ್ಟುಕೊಂಡಿದ್ದೆ. ಅದನ್ನೂ ಓದಿಬಿಟ್ಟರೆ ಇವರು ನನಗೆ ಹೇಳುವ ಹೊಸ ಮಾತು ಒಂದೂ ಉಳಿಯುವುದಿಲ್ಲ ಅನ್ನಿಸುತ್ತಿತ್ತು. ಬೀಜ ಮೊಳೆತ ದಿನ ತೆರೆಯೋಣ, ಅಲ್ಲಿಯ ತನಕ ಇರಲಿ ಅಂದುಕೊಂಡೆ. ನೀವು ಕೇಳಿದಾಗ ಬಾಯಿಗೆ ಬಂದದ್ದನ್ನು ಬರೆದೆ. ಮೊಳಕೆಯನ್ನು ನಾನೂ ಹತ್ತಿರದಿಂದ ನೋಡಿದವಳಲ್ಲ, ಸಂಘದ ಜಾಗದಲ್ಲಿ ಇವರು ಕೂತಿರುತ್ತಿದ್ದರು, ನಾನು ದೂರದಲ್ಲಿ ಪುಸ್ತಕ ಓದುತ್ತಿದ್ದೆ. ನಿಮ್ಮ ಏಪ್ರಿಲ್ ಪತ್ರದಲ್ಲಿ ಹತ್ತೊಂಬತ್ತು ಅನ್ನುವ ಲೆಕ್ಕ ನೋಡಿದ ಮೇಲೆ ಏಕೋ ಭಯವಾಗಿ ಪುಟ ತಿರುಗಿಸಿದೆ.

ನೀವು ಒಬ್ಬರೇ ಮಾಡಿದ್ದಲ್ಲ ಇದು. ನಾನು ಮೊದಲೇ ಪುಟ ತಿರುಗಿಸಿದ್ದರೆ ನಿಮ್ಮ ಕೈ ಅದರ ಹತ್ತಿರ ಹೋಗುತ್ತಿರಲಿಲ್ಲ. ಟೊಳ್ಳು ಅಂತ ಬರೆದಾಗ ನಿಮ್ಮನ್ನು ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ನನ್ನನ್ನೂ ಉಳಿಸಿಕೊಳ್ಳುತ್ತಿದ್ದೆ.

ಆ ಪುಟದಲ್ಲಿ ಏನಿದೆ ಅಂತ ಹೇಳದೆಯೇ ಇರಬಹುದಿತ್ತು. ಆದರೆ ಇನ್ನೊಂದು ಸುಳ್ಳು ನನ್ನಿಂದ ಆಗುವುದಿಲ್ಲ. ಜುಲೈ ಮೂರರಂದು ಬರೆದದ್ದು. ಇದ್ದದ್ದು ಇದ್ದ ಹಾಗೆ ಕೆಳಗಿದೆ.

"ಈ ಸಲ ಕುಂಡ ಅಮ್ಮನ ಮನೆ ಹಿಂದಿನ ಮೆಟ್ಟಿಲ ಮೇಲೆ ಇಡೋದು. ನೆರಳು ಚೆನ್ನಾಗಿದೆ. ಅವಳೂ ಮೊದಲಿಂದ ನೋಡಲಿ. ಮೊಳಕೆ ಥೇಟ್ ಹುಲ್ಲು, ಕೀಳಬಾರದು ಅಂತ ಅಮ್ಮನಿಗೆ ಮೊದಲೇ ಹೇಳಿಡಬೇಕು. ಅವಳ ಕೈ ಸುಮ್ಮನಿರಲ್ಲ."

ನಿಮ್ಮ ಸೊಸೆ


ಮೇ 17

ಮಗಳೇ,

ಒಂಬತ್ತು ತಿಂಗಳಾಯ್ತು ನಿನಗೆ ಬರೆದು. ನೀನು ಬರೆದ ಮೂರು ಪತ್ರವೂ ಬಂದಿವೆ. ತೆರೆದೆ, ಓದಿದೆ, ಉತ್ತರ ಬರೆಯೋಕೆ ಕೂತೆ, ಆಗಲಿಲ್ಲ. ಕೋಪ ಹೋಗಿದೆ ಅಂತ ಬರೆದರೆ ಸುಳ್ಳಾಗುತ್ತೆ. ಇದೆ, ಆದರೆ ನಿನ್ನ ಮೇಲೆ ಅಂತಲೇ ಹೇಳೋಕಾಗಲ್ಲ. ನೀನು ಒಂದು ಪುಟ ತಿರುಗಿಸಲಿಲ್ಲ. ನಾನು ಒಂಬತ್ತು ವರ್ಷದಲ್ಲಿ ಒಂದು ಭಾನುವಾರವೂ ಅವನ ಜೊತೆ ಹೋಗಲಿಲ್ಲ. ಬಾ ಅಂತ ಕರೀತಿದ್ದ. ಮೊಣಕಾಲು ನೋವು ಅಂತಿದ್ದೆ. ಹೋಗಿದ್ದರೆ ನಿನ್ನ ಪುಟ ಬೇಕಾಗಿರಲಿಲ್ಲ.

ಚಳಿಗಾಲ ಪೂರ್ತಿ ಕುಂಡ ಹೊರಗೇ ಇತ್ತು. ಈ ಸಲ ಒಳಗೆ ತರೋಕೆ ಮನಸ್ಸಾಗಲಿಲ್ಲ. ಬಾಗಿಲು ತೆಗೆದು ನಾನೂ ಹತ್ತು ನಿಮಿಷ ಅದರ ಪಕ್ಕ ನಿಲ್ತಿದ್ದೆ, ಅಷ್ಟೆ.

ಏಪ್ರಿಲ್‌ನಲ್ಲಿ ಹಸಿರು ಬಂತು. ಒಂದೊಂದು ಕುಂಡದಲ್ಲೂ ಹತ್ತಿಪ್ಪತ್ತು. ಮೇಷ್ಟ್ರಿಗೆ ಕಾರ್ಡ್ ಹಾಕಿದೆ, ಮತ್ತೆ ಎರಡು ಬಸ್ ಹಿಡಿದು ಬಂದರು. ಒಂದು ಎಸಳು ಬೇರು ಸಮೇತ ಎತ್ತಿ ನನ್ನ ಅಂಗೈ ಮೇಲೆ ಇಟ್ಟರು. ಬುಡ ದುಂಡಗೆ, ಕೆಳಗೆ ಮಣಿ ಇಲ್ಲ. ಇನ್ನೊಂದು ಎತ್ತಿದರು, ಅದೂ ಹಾಗೇ. ಆಮೇಲೆ ಕಡ್ಡೀಲಿ ಮಣ್ಣು ಕೆದಕಿ ನಾಲ್ಕು ಬೀಜ ಹುಡುಕಿ ತೆಗೆದರು. ಬೆರಳಲ್ಲಿ ಒತ್ತಿದರೆ ಕೊಳೆತ ಹಣ್ಣಿನ ಹಾಗೆ ಒಡೆದು ನೀರಾಯ್ತು. ಮಿಕ್ಕ ಮೂರು ಸಿಗಲೇ ಇಲ್ಲ. ಮುಗೀತಮ್ಮ, ಕುಂಡ ಖಾಲಿ ಮಾಡಿಬಿಡಿ ಅಂತ ಬರೆದುಕೊಟ್ಟು ಹೋದರು. ಹೋಗುವಾಗ ಅವನು ಮೊದಲು ಕೊಂಡು ಬೆಳೆಸಿದ್ದ ಜಾತಿಯ ಒಂದು ಗೆಡ್ಡೆ ತಂದುಕೊಡಲಾ, ಹಳದಿ ಬಣ್ಣದ್ದು, ಅಂದರು. ಬೇಡ ಅಂದೆ. ಅದು ಎಲ್ಲರ ಹತ್ತಿರವೂ ಇದೆ.

ಆ ಪುಟ ಹರಿದು ನನಗೆ ಕಳಿಸು ಅಂತ ಕೇಳೋಣ ಅಂದ್ಕೊಂಡಿದ್ದೆ. ಬೇಡ, ನಿನ್ನ ಹತ್ತಿರವೇ ಇರಲಿ. ನನಗೆ ಬಾಯಿಪಾಠ ಆಗಿದೆ. ಅವನು ಹೇಳಿದ್ದು ನಿಜವೇ. ಆದರೆ ಈಗ ಕೈ ಸುಮ್ಮನಿರುತ್ತೆ, ಅದನ್ನ ಅವನು ನೋಡಲಿಲ್ಲ. ಅಂಗಿಯಲ್ಲಿ ದಾರ ಎದ್ದಿದ್ದರೆ ಎದ್ದಿರಲಿ ಅಂತ ಬಿಡ್ತೀನಿ.

ಕುಂಡ ಖಾಲಿ ಮಾಡಿಲ್ಲ. ಹುಲ್ಲು ಈಗ ಮೊಣಕೈ ಎತ್ತರ ಆಗಿದೆ. ಹುಲ್ಲು ಅಂತ ನನಗೆ ಚೆನ್ನಾಗಿ ಗೊತ್ತು, ತಲೆ ಕೆಟ್ಟಿಲ್ಲ. ದಿನಾ ನೀರು ಹಾಕ್ತೀನಿ. ಮೊನ್ನೆ ಡ್ರೈವರ್ ಪಾಪ, ಮುದುಕಿಗೆ ಕೈಲಾಗಲ್ಲ, ಸಹಾಯ ಮಾಡೋಣ ಅಂತ ಬಂದು, ಬಗ್ಗಿ ಒಂದು ಹಿಡಿ ಹಿಡಿದು ಎಳೆಯೋಕೆ ಹೋದ. ಮುಟ್ಟಬೇಡ ಅಂದೆ. ಮೆಲ್ಲಗೇ ಅಂದೆ ಅಂತ ನಾನು ಅಂದ್ಕೊಂಡಿದ್ದೆ. ಅವನು ಕೈಬಿಟ್ಟು ಹಿಂದೆ ಸರಿದು ಗೋಡೆಗೆ ಒರಗಿ ನಿಂತ, ಮುಖ ಬಿಳುಚಿಕೊಂಡಿತ್ತು. ಬೀದಿ ಕೊನೆ ಮನೆಯಿಂದಲೂ ಜನ ಹೊರಗೆ ಬಂದರು, ಯಾರನ್ನೋ ಕೊಲ್ತಿದ್ದಾರೆ ಅಂತ. ಅಷ್ಟು ಜೋರಾಗಿ ಕಿರುಚಿದ್ದೆನಂತೆ. ನನಗೆ ಕೇಳಿಸಲಿಲ್ಲ.

ಅತ್ತೆ